ಬೆಟ್ಟಕ್ಕೆ ಮುಂಚೆ ನಾಲ್ಕು ಭಾನುವಾರ

ಶನಿವಾರದ ಬೆಳಗಿನ ಶಾಲೆ ಮುಗಿದು ಮಕ್ಕಳೆಲ್ಲ ಗೇಟಿನಾಚೆ ಚದುರಿದ ಮೇಲೆ ನಮ್ಮ ಬಿಸಿಯೂಟದ ಅಡುಗೆಮನೆಯ ಮುಂದೆ ಒಂದು ಸಣ್ಣ ಸಾಲು ನಿಲ್ಲುತ್ತದೆ. ಊಟಕ್ಕಲ್ಲ, ತೂಕಕ್ಕೆ. ಅಕ್ಕಿ, ಬೇಳೆ ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರಾಗಿ ಬಂದು ತಮ್ಮ ಬೆನ್ನಚೀಲ ಇಡಬೇಕು. ಮಾರನೆಯ ದಿನ ಬೆಟ್ಟಕ್ಕೆ ಹೋಗುವವರ ಸಾಲು ಅದು.

ಮೊದಮೊದಲು ನಾವು ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯಲ್ಲೇ ತೂಗುತ್ತಿದ್ದೆವು. ಕಳೆದ ವರ್ಷ ಎಂಟನೇ ತರಗತಿಯ ಹುಡುಗನೊಬ್ಬನ ಚೀಲವನ್ನು ಅದರ ಕೊಕ್ಕೆಗೆ ಸಿಕ್ಕಿಸಿದಾಗ ಮುಳ್ಳು ಹತ್ತು ಕಿಲೋ ಗೆರೆಗೆ ತಾಗಿ ನಿಂತುಬಿಟ್ಟಿತು. ಅಲ್ಲಿಂದಾಚೆಯ ಲೆಕ್ಕ ಪಾಪ ಅದಕ್ಕೆ ಗೊತ್ತಿಲ್ಲ. ಅಡುಗೆಯಮ್ಮನ ತಕ್ಕಡಿಯನ್ನು ಕೇಳಿ ಪಡೆದೆವು: 11 ಕಿಲೋ 200 ಗ್ರಾಂ. ಹುಡುಗನ ತೂಕ 38 ಕಿಲೋ. ಚೀಲ ಬಿಚ್ಚಿಸಿದೆ. ಸ್ಟೀಲ್ ಡಬ್ಬಿಯ ತುಂಬ ಚಕ್ಕುಲಿ, ಗಾಜಿನ ಬಾಟಲಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ, ಒಂದು ಕಂಬಳಿ, ಎರಡು ಜೀನ್ಸ್ ಪ್ಯಾಂಟು, ಬಸ್ಸಿನಿಂದ ಇಳಿದ ಮೇಲೆ ಹಾಕಿಕೊಳ್ಳಲೆಂದು ಇನ್ನೊಂದು ಜೊತೆ ಶೂ, ಎರಡು ಲೀಟರಿನ ಎರಡು ನೀರಿನ ಬಾಟಲಿ. ತಳದಲ್ಲಿ ಗಣಿತದ ಗೈಡು.

“ಇದೇನಪ್ಪಾ?”

“ಅಮ್ಮ ಹಾಕಿದ್ದು ಸಾರ್. ಬಸ್ಸಲ್ಲಿ ಸುಮ್ನೆ ಕೂತಿರ್ತೀಯಲ್ಲ, ಓದ್ಕೋ ಅಂತ.”

ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ದಿನದ ನಡಿಗೆಗೆ ಇಷ್ಟೆಲ್ಲ! ಆದರೆ ನಗುವ ಹಾಗಿರಲಿಲ್ಲ. ಇಂಥ ಚೀಲಗಳನ್ನು ಹಗುರ ಮಾಡುವುದಕ್ಕೇ ಆ ಶನಿವಾರದ ಸಾಲು, ಅದರ ಬೆನ್ನಿಗೆ ಬರುವ ನಾಲ್ಕು ಭಾನುವಾರಗಳು.

ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ವಯಸ್ಸು ಐವತ್ತು ದಾಟಿ, ಮೆಟ್ಟಿಲು ಇಳಿಯುವಾಗ ಮಂಡಿ ತಾನೂ ಇದ್ದೇನೆಂದು ಹೇಳುವ ಕಾಲ. ಆದರೂ 2009ರಿಂದ ಶಾಲೆಯಲ್ಲೊಂದು ಚಾರಣ ಬಳಗ ನಡೆಸಿಕೊಂಡು ಬಂದಿದ್ದೇನೆ. ಎಂಟರಿಂದ ಹತ್ತನೇ ತರಗತಿಯ ಇಪ್ಪತ್ತು ಮಕ್ಕಳು, ನಾನು, ಕಡ್ಡಾಯವಾಗಿ ಒಬ್ಬರು ಶಿಕ್ಷಕಿ, ಮತ್ತು ಕರೆದರೆ ಬರುವ ಒಬ್ಬಿಬ್ಬರು ಹಳೆಯ ವಿದ್ಯಾರ್ಥಿಗಳು. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಪಶ್ಚಿಮಘಟ್ಟದ ಒಂದು ದೊಡ್ಡ ಬೆಟ್ಟ. ಅದಕ್ಕೆ ಮೊದಲು, ಮಳೆ ಹಿಂದೆ ಸರಿದ ಮೇಲೆ, ವಾರ ಬಿಟ್ಟು ವಾರ ನಾಲ್ಕು ಭಾನುವಾರ ನಮ್ಮ ಜಿಲ್ಲೆಯ ಮತ್ತು ನೆರೆಯ ಬೆಟ್ಟಗಳಲ್ಲಿ ತಾಲೀಮು. ಈ ತಾಲೀಮಿನ ವಿಚಾರವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಡಿಸೆಂಬರಿನ ಬೆಟ್ಟದ ಫೋಟೋಗಳು ಎಲ್ಲರ ಮನೆಯಲ್ಲೂ ಇವೆ. ಈ ಭಾನುವಾರಗಳ ಫೋಟೋ ತೆಗೆಯುವವರು ಕಡಿಮೆ.

ಮಧುಗಿರಿಯಲ್ಲಿ ಕಲಿತದ್ದು

ಮೊದಲ ವರ್ಷ ತಾಲೀಮು ಎಂಬುದೇನೂ ಇರಲಿಲ್ಲ. ಮಕ್ಕಳಿಗೆ ಕಾಲಿದೆ, ನಮ್ಮ ಸುತ್ತ ಬೆಟ್ಟವಿದೆ, ಇನ್ನೇನು ಬೇಕು ಎಂಬ ಧೋರಣೆ ನನ್ನದು. 2010ರ ಫೆಬ್ರವರಿಯ ಒಂದು ಭಾನುವಾರ ಹದಿನೆಂಟು ಮಕ್ಕಳನ್ನು ಮಧುಗಿರಿಗೆ ಕರೆದುಕೊಂಡು ಹೋದೆ.

ಮಧುಗಿರಿ ಬೆಟ್ಟ ನೋಡದವರಿಗೆ ಒಂದು ಮಾತು. ಅದು ಕಲ್ಲುಗಳ ರಾಶಿಯಲ್ಲ, ಊರಿನ ತಲೆಯ ಮೇಲೆ ಎದ್ದು ನಿಂತ ಒಂದೇ ಬಂಡೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನಲ್ಲಿ ಅದರ ಹೆಸರು ಹೇಳುವುದುಂಟು. ಪಟ್ಟಣದಿಂದ ತುದಿಗೆ ಸುಮಾರು ನಾನೂರು ಮೀಟರ್ ಏರಿಕೆ. ಕೆಳಗೆ ಕೋಟೆಯ ಬಾಗಿಲುಗಳು, ಮೆಟ್ಟಿಲುಗಳು. ಮೇಲೆ ಹೋದಂತೆ ಬೋಳು ಬಂಡೆಯಲ್ಲೇ ಕೊರೆದ ಸಣ್ಣ ಸಣ್ಣ ಹೆಜ್ಜೆಗುಳಿಗಳು. ಕೋಟೆಯ ಬಾಗಿಲು ಬಿಟ್ಟರೆ ನೆರಳು ಎಂಬುದಿಲ್ಲ.

ಬಸ್ಸು ತಡವಾಯಿತು. ತಿಂಡಿ ತಡವಾಯಿತು. ಹತ್ತಲು ಆರಂಭಿಸಿದಾಗ ಹತ್ತೂವರೆ. ಒಬ್ಬೊಬ್ಬರ ಬಳಿ ಒಂದೊಂದು ಲೀಟರ್ ನೀರು. ಗಟ್ಟಿ ಹುಡುಗರು ಮುಂದೆ ಓಡಿದರು, ನಾನು ಅವರ ಹಿಂದೆ. ಕೊನೆಯಲ್ಲಿ ಯಾರಿದ್ದಾರೆಂದು ನೋಡುವವರು ಯಾರೂ ಇರಲಿಲ್ಲ. ಒಂದೂಕಾಲರ ಹೊತ್ತಿಗೆ ತುದಿ ಕಣ್ಣೆದುರಿಗಿತ್ತು. ಬಂಡೆ ಹೆಂಚಿನಂತೆ ಕಾದಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಿಂದುಳಿದು ಕುಳಿತಿದ್ದಾಳೆ ಎಂದು ಯಾರೋ ಕೂಗಿ ಹೇಳಿದರು. ನಾನು, “ಇನ್ನು ಸ್ವಲ್ಪವೇ ಇದೆ, ನಿಧಾನವಾಗಿ ಬರಲಿ” ಎಂದೆ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಅವಳು ಬಂದಳು ಕೂಡ. ತುದಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಯಲು ಶುರುಮಾಡಿ ಕಾಲು ಗಂಟೆಯಲ್ಲಿ ಅವಳಿಗೆ ತಲೆ ತಿರುಗಿತು. ವಾಂತಿ, ಮೀನಖಂಡದಲ್ಲಿ ಸೆಳೆತ, ಮುಖ ಬಿಳಿಚಿ ತಣ್ಣನೆಯ ಬೆವರು. ಬಿಸಿಲಿನ ಬಳಲಿಕೆಯ ಎಲ್ಲ ಲಕ್ಷಣಗಳು. ಬೆವರಿನಿಂದ ದೇಹ ತಂಪಾಗುವ ಪಾಠವನ್ನು ಹದಿನೈದು ವರ್ಷ ಕರಿಹಲಗೆಯ ಮೇಲೆ ಬರೆದಿದ್ದ ನನ್ನ ಚೀಲದಲ್ಲಿ ಆಗ ಒಂದು ಚಿಟಿಕೆ ಉಪ್ಪು ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಎಲ್ಲರ ಬಾಟಲಿಯೂ ಖಾಲಿ. ಬೋಳು ಬಂಡೆಯ ಇಳಿಜಾರಿನಲ್ಲಿ ಅವಳನ್ನು ಕೂರಿಸುತ್ತ, ಹಿಡಿಯುತ್ತ ಕೋಟೆಯ ಬಾಗಿಲಿನ ನೆರಳಿಗೆ ತರುವಷ್ಟರಲ್ಲಿ ಒಂದು ಗಂಟೆಗೂ ಮೇಲಾಯಿತು. ಅಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ಒಂದು ಕುಟುಂಬದವರು ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು, ಒದ್ದೆ ಟವೆಲ್ಲು ಹೊದಿಸಿದರು. ಅವಳು ಗುಟುಕು ಗುಟುಕಾಗಿ ಕುಡಿದು ಸುಧಾರಿಸಿಕೊಂಡಳು. ಊರಿಗೆ ಮುಟ್ಟಿದಾಗ ರಾತ್ರಿ ಒಂಬತ್ತು.

ಬಸ್ ನಿಲ್ದಾಣದಲ್ಲಿ ಅವಳ ತಂದೆ ಕಾಯುತ್ತಿದ್ದರು. ವೃತ್ತಿಯಲ್ಲಿ ಬಸ್ ಚಾಲಕರು. ಮಗಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಆಟೋದಲ್ಲಿ ಕೂರಿಸಿ ನನ್ನ ಕಡೆ ಬಂದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಮೇಷ್ಟ್ರೇ, ನಾವು ಘಾಟಿ ಇಳಿಯೋವಾಗ ಯಾವ ಗೇರಲ್ಲಿ ಇಳೀಬೇಕು ಅಂತ ಮೇಲೇ ತೀರ್ಮಾನ ಮಾಡ್ಕೊಂಡಿರ್ತೀವಿ. ಇಳಿಜಾರಲ್ಲಿ ಯೋಚನೆ ಮಾಡ್ತಾ ಕೂರಕ್ಕಾಗಲ್ಲ. ನೀವು ಎಷ್ಟು ಗಂಟೆಗೆ ವಾಪಸ್ ತಿರುಗ್ಬೇಕು ಅಂತ ಅಂದ್ಕೊಂಡಿದ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಹಾಗೊಂದು ಗಂಟೆ ಇರಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ. ಎಷ್ಟು ಗಂಟೆಗೆ ಹೊರಡಬೇಕು, ಏನು ತಿನ್ನಬೇಕು, ಯಾವ ಬಸ್ಸು, ಎಲ್ಲ ಬರೆದುಕೊಂಡಿದ್ದೆ. ತುದಿ ಮುಟ್ಟದಿದ್ದರೆ ಏನು ಎಂಬುದನ್ನು ಬರೆದಿರಲಿಲ್ಲ.

ಆ ಹುಡುಗಿ ಮುಂದೆ ಬಳಗಕ್ಕೆ ಬರಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ತಿರುಗು ಚೀಟಿ

ಮುಂದಿನ ವರ್ಷದಿಂದ ಪ್ರತಿ ನಡಿಗೆಗೂ ಒಂದು ಹಾಳೆ ತಯಾರಾಗುತ್ತದೆ. ಮಕ್ಕಳು ಅದಕ್ಕೆ ‘ತಿರುಗು ಚೀಟಿ’ ಎಂದು ಹೆಸರಿಟ್ಟಿದ್ದಾರೆ. ಹೊರಡುವ ಬಸ್ಸು, ದಾರಿ, ಜೊತೆಗಿರುವವರು, ಹತ್ತಿರದ ಆಸ್ಪತ್ರೆ, ಕೊನೆಯ ಬಸ್ಸು, ಎಲ್ಲದರ ನಡುವೆ ಕೆಂಪು ಶಾಯಿಯಲ್ಲಿ ಒಂದು ಸಮಯ. ಆ ಸಮಯಕ್ಕೆ ನಾವು ಎಲ್ಲಿದ್ದರೂ ಸರಿ, ತುದಿ ಹತ್ತು ಮಾರು ದೂರದಲ್ಲಿದ್ದರೂ ಸರಿ, ಹಿಂದಿರುಗಬೇಕು. ಕೆಳಗೆ ನನ್ನ ಸಹಿ. ಒಂದು ಪ್ರತಿ ಮುಖ್ಯೋಪಾಧ್ಯಾಯರ ಬಳಿ, ಒಂದು ಪ್ರತಿ ಅಂದಿನ ನಾಯಕ ಅಥವಾ ನಾಯಕಿಯ ಜೇಬಿನಲ್ಲಿ, ಒಂದೊಂದು ಎಲ್ಲ ಪೋಷಕರ ಕೈಯಲ್ಲಿ. ಈಗ ಅದನ್ನು ವಾಟ್ಸ್ಆ್ಯಪ್‌ನಲ್ಲೂ ಕಳಿಸುತ್ತೇವೆ. ಆದರೆ ಕಾಗದದ್ದು ತಪ್ಪಿಸಿಲ್ಲ. ಕಾಡೊಳಗೆ ಫೋನಿನ ಸಿಗ್ನಲ್ಲನ್ನು ನಂಬುವಂತಿಲ್ಲ, ಬ್ಯಾಟರಿಯನ್ನಂತೂ ಇಲ್ಲವೇ ಇಲ್ಲ.

ಆ ಕೆಂಪು ಸಮಯವನ್ನು ಹಾಕುವುದು ಹೇಗೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸುಲಭ ಸೂತ್ರ ಹೇಳಿದ. ಸುಮಾರು ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಆರುನೂರು ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ನಮ್ಮ ಮಕ್ಕಳು ನೀರು ಕುಡಿಯಬೇಕು, ಶೂ ಕಟ್ಟಬೇಕು, ಓತಿಕ್ಯಾತ ಕಂಡರೆ ನಿಲ್ಲಬೇಕು. ಹಾಗಾಗಿ ಮೊದಲ ಭಾನುವಾರ ಸೂತ್ರದ ಸಮಯವನ್ನೂ ನಿಜವಾಗಿ ಹಿಡಿದ ಸಮಯವನ್ನೂ ಮಕ್ಕಳೇ ಬರೆದುಕೊಂಡು ಭಾಗಿಸುತ್ತಾರೆ. ಬಂದ ಸಂಖ್ಯೆಯೇ ಆ ವರ್ಷದ ತಂಡದ ಗುಣಕ. ಒಂದು ವರ್ಷ ಒಂದೂವರೆ, ಇನ್ನೊಂದು ವರ್ಷ ಎರಡಕ್ಕೆ ಹತ್ತಿರ. ಗುಣಕ ದೊಡ್ಡದಾದರೆ ಅವಮಾನವಲ್ಲ, ಇನ್ನೂ ಬೇಗ ಏಳಬೇಕು ಅಷ್ಟೆ. ಪರೀಕ್ಷೆಯಲ್ಲಿ ಸರಾಸರಿ ಲೆಕ್ಕ ತಪ್ಪಿಸುವ ಮಕ್ಕಳೂ ಈ ಗುಣಕವನ್ನು ತಪ್ಪದೆ ಮಾಡುವುದನ್ನು ನೋಡಿದ್ದೇನೆ.

ಬೆಳಕಿನ ಲೆಕ್ಕ ಇನ್ನೊಂದು. ಚಾರಣದ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಉಪಾಯ ಕಾಣಸಿಗುತ್ತದೆ. ಕೈ ಮುಂದೆ ಚಾಚಿ, ದಿಗಂತಕ್ಕೂ ಸೂರ್ಯನಿಗೂ ನಡುವೆ ಬೆರಳುಗಳನ್ನು ಅಡ್ಡವಾಗಿ ಜೋಡಿಸಿ ಎಣಿಸಿ, ಒಂದೊಂದು ಬೆರಳಿಗೆ ಹದಿನೈದು ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ ಬೆಳಕು ಉಳಿದಿದೆ ಎಂದು. ನಾನೂ ಬಹಳ ದಿನ ಅದನ್ನೇ ಹೇಳಿಕೊಟ್ಟೆ. ಒಂದು ಸಂಜೆ ಶಾಲೆಯ ಮಹಡಿಯ ಮೇಲೆ ಗಡಿಯಾರ ಹಿಡಿದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿದೆ. ಸೂರ್ಯನನ್ನು ನೆಟ್ಟ ನೋಟದಿಂದ ನೋಡಬೇಡಿ, ಅಂಗೈ ಅಡ್ಡ ಹಿಡಿಯಿರಿ ಎಂದು ಹತ್ತು ಸಲ ಹೇಳಿ. ನಾಲ್ಕು ಬೆರಳಿಗೆ ಅರ್ಧ ಗಂಟೆಯ ಮೇಲೆ ಚೂರುಪಾರು ಸಿಕ್ಕಿತು! ಆಮೇಲೆ ಯೋಚಿಸಿದರೆ ಕಾರಣ ಸರಳ. ಸೂರ್ಯ ಗಂಟೆಗೆ ಹದಿನೈದು ಡಿಗ್ರಿ ಸರಿಯುತ್ತಾನೆ. ಚಾಚಿದ ಕೈಯ ಒಂದು ಬೆರಳು ಸುಮಾರು ಎರಡು ಡಿಗ್ರಿ ಮರೆಮಾಡುತ್ತದೆ. ಯೂರೋಪಿನಲ್ಲಿ ಸೂರ್ಯ ಓರೆಯಾಗಿ ಜಾರುತ್ತ ಮುಳುಗುತ್ತಾನೆ. ನಾವಿರುವ ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಒಂದು ಬೆರಳಿಗೆ ಎಂಟೇ ನಿಮಿಷ. ಮುಳುಗಿದ ಮೇಲಿನ ಮಬ್ಬು ಬೆಳಕೂ ಇಪ್ಪತ್ತು ನಿಮಿಷ ದಾಟಿದರೆ ಹೆಚ್ಚು. ಡಿಸೆಂಬರ್ ಆರಂಭದಲ್ಲಿ ನಮ್ಮಲ್ಲಿ ಆರಕ್ಕೂ ಮುಂಚೆಯೇ ಸೂರ್ಯಾಸ್ತ. ಹಾಗಾಗಿ ಐದು ಗಂಟೆಗೆ ಕಾಲುದಾರಿ ಬಿಟ್ಟು ರಸ್ತೆಯ ಮೇಲಿರಬೇಕು ಎಂಬುದು ನಮ್ಮ ಕಟ್ಟಳೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಡವಟ್ಟಿಗೆಂದು ಒಂದು ಗಂಟೆ ಕಳೆದರೆ ಕೆಂಪು ಸಮಯ ಸಿಗುತ್ತದೆ.

ನಾಲ್ಕು ಬೆಟ್ಟ

ಮೊದಲ ಭಾನುವಾರ ದೇವರಾಯನದುರ್ಗ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ನಾಮದ ಚಿಲುಮೆಯಿಂದ ಬೆಟ್ಟದವರೆಗೆ ಐದಾರು ಕಿಲೋಮೀಟರು ರಸ್ತೆಯಲ್ಲೇ ನಡೆಯುವುದು. ರಸ್ತೆ ಬಿಟ್ಟು ಕಾಡಿಗೆ ಇಳಿಯುವುದಿಲ್ಲ. ಅದು ಮೀಸಲು ಅರಣ್ಯ, ಚಿರತೆ, ಕರಡಿಗಳ ಮನೆ. ಇಲ್ಲಿ ಕಲಿಯುವುದು ಒಂದೇ, ಒಟ್ಟಾಗಿ ನಡೆಯುವುದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಎಲ್ಲರಿಗಿಂತ ಮುಂದೆ. ಗಟ್ಟಿ ಕಾಲಿನ ಒಬ್ಬರು ಎಲ್ಲರಿಗಿಂತ ಹಿಂದೆ. ಅವರಿಗೆ ‘ಬಾಲಂಗೋಚಿ’ ಎಂದು ಹೆಸರು. ಮೊದಲ ದಿನ ಆ ಹೆಸರು ಕೇಳಿ ಕಿಸಕ್ಕನೆ ನಗುತ್ತಾರೆ. ಬಾಲಂಗೋಚಿ ಇಲ್ಲದ ಗಾಳಿಪಟ ಏನಾಗುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಓಡುವ ಹುಡುಗರಿಗೆ ಈ ನಡಿಗೆ ದೊಡ್ಡ ಶಿಕ್ಷೆ. “ಸಾರ್, ಹಿಂಗೆ ನಡುದ್ರೆ ಕಾಲು ನೋಯುತ್ತೆ” ಎಂದು ಗೊಣಗುತ್ತಾರೆ. ಮಧುಗಿರಿಯ ದಿನ ನಾನು ಯಾರ ಹಿಂದೆ ಓಡಿದ್ದೆ ಎಂಬುದನ್ನು ಅವರಿಗೆ ಮುಚ್ಚಿಡದೆ ಹೇಳುತ್ತೇನೆ.

ಎರಡನೆಯದು ಶಿವಗಂಗೆ. ಅಲ್ಲಿ ಮೆಟ್ಟಿಲುಗಳಿವೆ, ಕಬ್ಬಿಣದ ಸರಳುಗಳಿವೆ, ಜನ ಓಡಾಡುತ್ತಿರುತ್ತಾರೆ, ದಾರಿ ತಪ್ಪುವ ಭಯವಿಲ್ಲ. ಹಾಗಾಗಿ ಮೊದಲ ಸಲ ಪೂರ್ತಿ ತೂಕದ ಚೀಲ ಹೊರಿಸುವುದು ಅಲ್ಲೇ. ದೇಹದ ತೂಕದ ಆರನೇ ಒಂದು ಭಾಗ ಮೀರಬಾರದು ಎಂಬುದು ನಮ್ಮ ಮಿತಿ. ಒಳಕಲ್ಲು ತೀರ್ಥದಲ್ಲಿ ಕೈ ಹಾಕಿ ನೀರು ಸಿಕ್ಕಿತೇ ಎಂದು ನೋಡುವುದು, ತುದಿಯ ನಂದಿಯ ಸುತ್ತ ಬಂಡೆ ತಬ್ಬಿಕೊಂಡು ಬರುವವರನ್ನು ಬೆರಗಿನಿಂದ ನೋಡುವುದು, ಕೋತಿಗಳಿಂದ ಬುತ್ತಿ ಕಾಪಾಡಿಕೊಳ್ಳುವುದು ಎಲ್ಲ ಉಂಟು. ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುವುದು ನಿಜವೇ ಸಾರ್ ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಅದಕ್ಕೆ ಉತ್ತರ ಕೊಡಲು ಹೋಗಿ ಒಮ್ಮೆ ಬಸ್ಸು ತಪ್ಪಿಸಿಕೊಂಡಿದ್ದೇನೆ.

ನಿಜವಾದ ಪಾಠ ಇರುವುದು ಇಳಿಯುವಾಗ. ಹತ್ತುವಾಗ ಏದುಸಿರು ಬರುತ್ತದೆ, ಮನುಷ್ಯ ತಾನಾಗಿ ನಿಲ್ಲುತ್ತಾನೆ. ಇಳಿಯುವಾಗ ಉಸಿರು ಹಾಯಾಗಿರುತ್ತದೆ, ತೊಡೆಯ ಸ್ನಾಯುಗಳು ಮಾತ್ರ ಪ್ರತಿ ಹೆಜ್ಜೆಗೂ ಬ್ರೇಕು ಹಾಕಿ ಹಾಕಿ ಸೋತಿರುತ್ತವೆ, ಅದು ಗೊತ್ತೇ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಬೆಂಚಿನಿಂದ ಏಳಲಾಗದೆ ನರಳಿದಾಗ ಗೊತ್ತಾಗುತ್ತದೆ. ಬಳಗದ ಮಕ್ಕಳು ಯಾರು ಎಂದು ಅಂದು ಇಡೀ ಶಾಲೆಗೆ ತಿಳಿಯುತ್ತದೆ. ಹೊಸ ಶೂ ಹಾಕಿಕೊಂಡು ಬಂದವರ ಹಿಮ್ಮಡಿಯ ಬೊಬ್ಬೆಗಳೂ ಅಂದೇ ಎಣಿಕೆಗೆ ಸಿಗುತ್ತವೆ. ಬಹಳ ಪೋಷಕರು ದುಬಾರಿ ಶೂ, ದುಬಾರಿ ಚೀಲ ಬೇಕೇನೋ ಎಂದು ಹೆದರುತ್ತಾರೆ. ಬೇಡ. ಕಾಲಿಗೆ ಒಗ್ಗಿದ, ತಳ ಸವೆಯದ ಶಾಲೆಯ ಕ್ಯಾನ್ವಾಸ್ ಶೂ ಸಾಕು, ಎರಡು ಜೊತೆ ಕಾಲುಚೀಲವಿದ್ದರೆ ಇನ್ನೂ ಒಳ್ಳೆಯದು. ಪುಸ್ತಕ ತೆಗೆದರೆ ಶಾಲೆಯ ಚೀಲವೇ ಬೆನ್ನಚೀಲ. ಭಾರವಾದದ್ದು ಬೆನ್ನಿಗೆ ಅಂಟಿಕೊಂಡು ಮೇಲ್ಭಾಗದಲ್ಲಿರಬೇಕು, ಹಗುರವಾದದ್ದು ತಳದಲ್ಲಿ ಮತ್ತು ಹೊರಗಡೆ. ಇದನ್ನು ಗುರುತ್ವ ಕೇಂದ್ರದ ಪಾಠದ ದಿನ ತರಗತಿಯಲ್ಲೇ ಮಾಡಿ ತೋರಿಸುತ್ತೇನೆ.

ಮೂರನೆಯದು ಕೊರಟಗೆರೆ ಕಡೆಯ ಚನ್ನರಾಯನದುರ್ಗ. ಅಲ್ಲಿ ಜನಸಂಚಾರ ಕಡಿಮೆ, ಪಾಳುಬಿದ್ದ ಕೋಟೆ, ಗಿಡಗಂಟಿಗಳ ನಡುವೆ ಎತ್ತ ನೋಡಿದರೂ ದಾರಿಯಂತೆಯೇ ಕಾಣುವ ದನಗಳ ಜಾಡು. ಭೂಪಟ ಓದುವುದು ಇಲ್ಲಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ ಎರಡು ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ, ಒಂದು ಸಮೋನ್ನತಿ ರೇಖೆಯಿಂದ ಇನ್ನೊಂದಕ್ಕೆ ಇಪ್ಪತ್ತು ಮೀಟರ್ ಎತ್ತರ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಈ ರೇಖೆಗಳನ್ನು ಬಾಯಿಪಾಠ ಮಾಡಿದ ಮಕ್ಕಳು ನಿಜವಾದ ಬೆಟ್ಟವನ್ನೂ ಕಾಗದವನ್ನೂ ಒಟ್ಟಿಗೆ ಹಿಡಿದು ನೋಡಿದಾಗ ಅವರ ಮುಖದಲ್ಲಿ ಮೂಡುವ ಆಶ್ಚರ್ಯ ನೋಡಲು ನನಗೆ ಇಂದಿಗೂ ಇಷ್ಟ. ದಾರಿ ತಪ್ಪಿದರೆ ಮಾಡಬೇಕಾದ್ದು ಏನು? ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ಬಂದ ಹೆಜ್ಜೆಯಲ್ಲೇ ಹಿಂದಿರುಗುವುದು. ಇದನ್ನು ಹೇಳುವುದು ಸುಲಭ. ದೊಡ್ಡವರಿಗೇ ಕಷ್ಟ. ಇಲ್ಲೇ ಎಲ್ಲೋ ದಾರಿ ಸಿಗುತ್ತದೆ ಎಂಬ ಆಸೆ ಮುಂದಕ್ಕೆ ಎಳೆಯುತ್ತಲೇ ಇರುತ್ತದೆ.

ನಾಲ್ಕನೆಯದು ಮಧುಗಿರಿ. ಬೇಕೆಂದೇ ಅದನ್ನು ಕೊನೆಗೆ ಇಟ್ಟಿದ್ದೇನೆ. ಈಗ ಹೋಗುವುದು ನವೆಂಬರಿನಲ್ಲಿ, ಮೊದಲ ಬಸ್ಸಿಗೆ. ಬಂಡೆ ಒದ್ದೆಯಾಗಿದ್ದರೆ ಕೋಟೆಯ ಬಾಗಿಲಿನಿಂದಲೇ ವಾಪಸ್ಸು. ಕೆಂಪು ಸಮಯ ಹನ್ನೊಂದು ಗಂಟೆ. ಒಬ್ಬೊಬ್ಬರಿಗೆ ಎರಡೂವರೆ ಲೀಟರ್ ನೀರು. ಒಂದು ಲೀಟರ್ ಅಂದರೆ ಒಂದು ಕಿಲೋ ತೂಕ ಎಂಬುದು ಇಲ್ಲಿ ಬೆನ್ನಿಗೆ ಅರ್ಥವಾಗುತ್ತದೆ. ಅದಕ್ಕೇ ಬೇರೆಲ್ಲ ಭಾರ ಇಳಿಸಿ ನೀರಿಗೆ ಜಾಗ ಮಾಡಬೇಕು. ಪ್ರತಿ ಐವರಿಗೆ ಒಂದು ಪೊಟ್ಟಣ: ಅದರಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮತಟ್ಟಾದ ಟೀ ಚಮಚದ ಅಳತೆ. ಒಂದು ಲೀಟರ್ ಶುದ್ಧ ನೀರಿಗೆ ಕಲಸಿದರೆ ಜೀವಜಲ ಸಿದ್ಧ. ತಿನ್ನಲು ತಿಪಟೂರು ಕಡೆಯ ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಕಾಯಿ. ಬಣ್ಣದ ಪೊಟ್ಟಣಗಳಲ್ಲಿ ಬರುವ ಯಾವ ಶಕ್ತಿವರ್ಧಕವೂ ಇದರ ಮುಂದೆ ನಿಲ್ಲದು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಒಪ್ಪುವುದಿಲ್ಲ.

ಅನುಮತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅರಣ್ಯವಾದರೆ ಅರಣ್ಯ ಇಲಾಖೆಯದು, ಶಾಲೆಯದು, ಪ್ರತಿ ಪೋಷಕರದು, ಮೂರೂ ಲಿಖಿತವಾಗಿರಬೇಕು. ಉಬ್ಬಸ, ಫಿಟ್ಸ್, ಅಲರ್ಜಿ ಇದ್ದರೆ ಪೋಷಕರು ಮುಚ್ಚಿಡಬಾರದು. ಹೇಳಿದರೆ ಎಲ್ಲಿ ಬಿಟ್ಟುಹೋಗುತ್ತಾರೋ ಎಂದು ಮಗುವೇ ಹೇಳಬೇಡ ಎನ್ನುವುದುಂಟು. ನಾವು ಬಿಡುವುದಿಲ್ಲ, ಔಷಧಿ ಎಲ್ಲಿದೆ ಎಂದು ಗೊತ್ತಿರಬೇಕು ಅಷ್ಟೆ. ಇನ್ನು ನೀರು. 2014ರ ಜೂನ್‌ನಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಅವರು ಫೋಟೋ ತೆಗೆದುಕೊಳ್ಳಲು ಇಳಿದಿದ್ದರು. ನಮ್ಮ ಬಳಗದಲ್ಲಿ ಹೊಳೆ, ಕೆರೆ, ಕಲ್ಯಾಣಿಗೆ ಪಾದ ತೊಳೆಯಲೂ ಇಳಿಯುವಂತಿಲ್ಲ. ಈ ಒಂದು ವಿಷಯದಲ್ಲಿ ನಾನು ತುಂಬ ಕೆಟ್ಟ ಮೇಷ್ಟ್ರು.

ಶೇಷ ಪರ್ವತದ ಮೇಲೆ ಹನ್ನೊಂದು ಗಂಟೆ

2018ರ ಡಿಸೆಂಬರಿನಲ್ಲಿ ನಮ್ಮ ದೊಡ್ಡ ಬೆಟ್ಟ ಕುಮಾರ ಪರ್ವತ. 1,712 ಮೀಟರ್ ಎತ್ತರ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಸಮುದ್ರಮಟ್ಟಕ್ಕೆ ಹತ್ತಿರದಿಂದಲೇ ಶುರು, ಅಂದರೆ ಸಾವಿರದ ಆರುನೂರು ಮೀಟರಿನಷ್ಟು ಏರಬೇಕು. ದೂರ ಸುಮಾರು ಹದಿಮೂರು ಕಿಲೋಮೀಟರ್. ನೈಸ್ಮಿತ್ ಸೂತ್ರದ ಪ್ರಕಾರ ಐದೂಕಾಲು ಗಂಟೆ. ಆ ವರ್ಷದ ಗುಣಕ ಒಂದೂಮುಕ್ಕಾಲು. ಗುಣಿಸಿದರೆ ಒಂಬತ್ತು ಗಂಟೆ ದಾಟಿತು, ಬರೀ ಹತ್ತಲು. ಒಂದೇ ದಿನದಲ್ಲಿ ಹತ್ತಿ ಇಳಿಯುವ ಮಾತು ಅಲ್ಲಿಗೇ ಬಿತ್ತು. ಮೊದಲ ದಿನ ಗಿರಿಗದ್ದೆಯ ಭಟ್ಟರ ಮನೆಯವರೆಗೆ, ಮರುದಿನ ಬೆಳಿಗ್ಗೆ ತುದಿಗೆ ಹೋಗಿ ಅಲ್ಲಿಗೇ ಮರಳಿ ರಾತ್ರಿ ತಂಗುವುದು ಎಂದು ನಿಶ್ಚಯಿಸಿ, ಚೀಟಿಯಲ್ಲಿ ಕೆಂಪು ಸಮಯ ಹನ್ನೊಂದು ಎಂದು ಬರೆದೆವು.

ಮರುದಿನ ಆರಕ್ಕೆ ಹೊರಟೆವು. ಅರಣ್ಯ ಇಲಾಖೆಯ ಠಾಣೆ ದಾಟಿ ಹುಲ್ಲುಗಾವಲಿನ ಏರು. ಕಲ್ಲುಮಂಟಪಕ್ಕೆ ಬರುವಷ್ಟರಲ್ಲಿ ಹುಡುಗನೊಬ್ಬನ ಶೂ ತಳ ಬಾಯಿಬಿಟ್ಟಿತು. ದಾರ ಸುತ್ತಿ, ಅಂಟುಪಟ್ಟಿ ಬಿಗಿದು ಹೊರಡುವಾಗ ಮುಕ್ಕಾಲು ಗಂಟೆ ಹೋಗಿತ್ತು. ಶೇಷ ಪರ್ವತದ ನೆತ್ತಿಗೆ ಬಂದಾಗ ಹನ್ನೊಂದಕ್ಕೆ ಐದು ನಿಮಿಷ. ಎದುರಿಗೆ ಒಂದು ತಗ್ಗು, ಅದರ ತುಂಬ ಶೋಲಾ ಕಾಡು, ಅದರಾಚೆ ಒಂದು ಬಂಡೆ, ಅದರ ಮೇಲೆ ಕುಮಾರ ಪರ್ವತ. ಕೈ ಚಾಚಿದರೆ ಸಿಗುವಂತಿತ್ತು. ಆಕಾಶ ನೀಲಿ.

ನನಗೆ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ. ಎಂಟು ವರ್ಷದಿಂದ ಕೆಂಪು ಸಮಯದ ಉಪದೇಶ ಮಾಡಿಕೊಂಡು ಬಂದ ನನಗೇ ಆಸೆಯಾಯಿತು. “ಇನ್ನೊಂದು ಗಂಟೆಯಲ್ಲಿ ಹೋಗಿಬಿಡಬಹುದಲ್ಲವೇ?” ಎಂದು ಗಟ್ಟಿಯಾಗಿಯೇ ಅಂದೆ. ಅಂದಿನ ನಾಯಕಿ ಹತ್ತನೇ ತರಗತಿಯ, ಮಾತು ಕಡಿಮೆಯ ಒಬ್ಬ ಹುಡುಗಿ. ಅವಳು ಏನೂ ಹೇಳಲಿಲ್ಲ. ಜೇಬಿನಿಂದ ಚೀಟಿ ತೆಗೆದು, ಬಿಡಿಸಿ, ನನ್ನ ಸಹಿ ಇರುವ ಜಾಗಕ್ಕೆ ಬೆರಳಿಟ್ಟು ನನ್ನ ಮುಂದೆ ಹಿಡಿದಳು.

“ಹನ್ನೊಂದು ಆಯ್ತು ಸಾರ್.”

ತಿರುಗಿದೆವು. ಕೆಲವರ ಕಣ್ಣಲ್ಲಿ ನೀರಿತ್ತು. ಶೂ ಕಿತ್ತುಹೋದ ಹುಡುಗ ಗಿರಿಗದ್ದೆ ಬರುವವರೆಗೂ ಯಾರೊಡನೆಯೂ ಮಾತಾಡಲಿಲ್ಲ. ನಮ್ಮ ಹಿಂದೆಯೇ ಶೇಷ ಪರ್ವತಕ್ಕೆ ಬಂದಿದ್ದ ಬೆಂಗಳೂರಿನ ಯುವಕರ ಒಂದು ತಂಡ ಮುಂದೆ ಹೋಯಿತು. ಆ ತಂಡ ಸಂಜೆ ನಾಲ್ಕೂವರೆಗೆ ನಗುನಗುತ್ತ ಇಳಿದು ಬಂತು. ಮೋಡ ಕವಿಯಲಿಲ್ಲ, ಮಳೆ ಬರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ರಾತ್ರಿ ಊಟದ ಸಾಲಿನಲ್ಲಿ ಆ ಹುಡುಗ ಬಂದು ನನ್ನ ಪಕ್ಕದಲ್ಲಿ ಕುಳಿತ.

“ಹೋಗ್ಬೋದಿತ್ತು ಅಲ್ವಾ ಸಾರ್?”

“ಹೋಗಬಹುದಿತ್ತು ಕಣಪ್ಪಾ” ಎಂದೆ. ಇನ್ನೇನು ಹೇಳಲಿ? ಅವನು ಸಾರನ್ನ ಇನ್ನೊಂದು ಸಲ ಹಾಕಿಸಿಕೊಂಡ.

ಕುಮಾರ ಪರ್ವತಕ್ಕೆ ಈಗ ಅಷ್ಟು ಸಲೀಸಾಗಿ ಹೋಗುವಂತಿಲ್ಲ. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ನೆರೆದ ಜನಜಂಗುಳಿಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನಮಗೇ ಗಾಬರಿಯಾಗಿತ್ತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ಆಗ ತಾತ್ಕಾಲಿಕವಾಗಿ ನಿಲ್ಲಿಸಿತು. ಒಳ್ಳೆಯದೇ ಆಯಿತು ಎನ್ನುವ ಪಕ್ಷ ನನ್ನದು. ಈಗ ಡಿಸೆಂಬರಿನ ಬೆಟ್ಟ ಯಾವುದೆಂಬುದನ್ನು ಪ್ರತಿ ವರ್ಷ ಅರಣ್ಯ ಇಲಾಖೆಯ ನಿಯಮ, ಟಿಕೆಟಿನ ಲಭ್ಯತೆ ನೋಡಿ ತೀರ್ಮಾನಿಸುತ್ತೇವೆ. ಒಂದು ವೇಳೆ ಯಾವುದೂ ಸಿಗದಿದ್ದರೆ ನಾಲ್ಕು ಭಾನುವಾರಗಳಂತೂ ಇದ್ದೇ ಇವೆ.

ಗಣಿತದ ಗೈಡಿನ ಹುಡುಗನ ಕಥೆ ಬಾಕಿ ಉಳಿಯಿತು. ಕಳೆದ ವರ್ಷದ ನಾಲ್ಕು ಭಾನುವಾರಗಳಲ್ಲಿ ಅವನ ಚೀಲ ಸ್ವಲ್ಪ ಸ್ವಲ್ಪವಾಗಿ ಕರಗಿತು. ಮೊದಲು ಕಂಬಳಿ, ಆಮೇಲೆ ಜೀನ್ಸು, ಗಾಜಿನ ಬಾಟಲಿ. ಚಕ್ಕುಲಿ ಸ್ಟೀಲ್ ಡಬ್ಬಿಯಿಂದ ಬಟ್ಟೆಯ ಚೀಲಕ್ಕೆ ಬಂತು. ಅದನ್ನು ಮಾತ್ರ ಅವನು ಬಿಡಲೊಪ್ಪಲಿಲ್ಲ, ಉಳಿದವರೂ ಬಿಡಗೊಡಲಿಲ್ಲ. ಡಿಸೆಂಬರಿನ ಹಿಂದಿನ ಶನಿವಾರ ಅಡುಗೆಯಮ್ಮನ ತಕ್ಕಡಿ ತೋರಿಸಿದ್ದು 6 ಕಿಲೋ 100 ಗ್ರಾಂ, ನೀರೂ ಸೇರಿ. ಹೊರಡುವ ರಾತ್ರಿ ಅವನ ತಾಯಿ ಬಸ್ಸಿನ ಹತ್ತಿರ ಬಂದರು. ಮಗನ ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು.

“ಏನೂ ಹಾಕ್ಕೊಂಡೇ ಇಲ್ವಲ್ಲ ಮೇಷ್ಟ್ರೇ ಇವ್ನು?”

ಗೈಡು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಜನವರಿಯಲ್ಲಿ ವಾಪಸ್ಸು ಕೊಟ್ಟೆ.